ಕನ್ನ ಕೊರೆದರು, ಅಡುಗೆಮನೆ ಸಿಕ್ಕಿತು

ಗಿರವಿ ಅಂಗಡಿಯ ಕಿಂಡಿಯ ಮುಂದೆ ಒಬ್ಬ ಬಂದು ನಿಲ್ಲುತ್ತಾನೆ. ಈಗಷ್ಟೇ ಜೈಲಿನಿಂದ ಹೊರಬಂದವನು. ಕೋಟಿನೊಳಗಿಂದ ಪಿಸ್ತೂಲು ತೆಗೆದು ಗುಮಾಸ್ತನತ್ತ ಚಾಚುತ್ತಾನೆ. ಗುಮಾಸ್ತ ಬೆಚ್ಚುವುದಿಲ್ಲ, ಕೈ ಎತ್ತುವುದಿಲ್ಲ. ದಿನವೂ ಕೈಗಡಿಯಾರ, ಉಂಗುರ, ಹಾಸಿಗೆಬಟ್ಟೆ ನೋಡಿ ಬೆಲೆ ಕಟ್ಟುವ ಕೈ ಅದು. ಪಿಸ್ತೂಲನ್ನೂ ಹಾಗೆಯೇ ತೆಗೆದುಕೊಂಡು, ತಿರುಗಿಸಿ ನೋಡಿ, ಇದಕ್ಕೆ ಇಷ್ಟು ಕೊಡಬಹುದು ಎನ್ನುತ್ತಾನೆ. ದರೋಡೆಗೆ ಬಂದವನು ಆ ಕ್ಷಣದಲ್ಲಿ ಗಿರವಿ ಇಡಲು ಬಂದ ಇನ್ನೊಬ್ಬ ಬಡವನಾಗಿಬಿಡುತ್ತಾನೆ.

1958ರಲ್ಲಿ ಮಾರಿಯೋ ಮೊನಿಚೆಲ್ಲಿ ನಿರ್ದೇಶಿಸಿದ ‘ಇ ಸೊಲಿತಿ ಇನ್ಯೋತಿ’ ಚಿತ್ರದ ದೃಶ್ಯವಿದು. ಹೊರಗಿನ ಜಗತ್ತಿಗೆ ಆ ಚಿತ್ರ ‘ಬಿಗ್ ಡೀಲ್ ಆನ್ ಮಡೊನ್ನಾ ಸ್ಟ್ರೀಟ್’ ಎಂದೇ ಪರಿಚಿತ. ಇಟಾಲಿಯನ್ ಹೆಸರಿನ ಅರ್ಥ ‘ಅದೇ ಅಪರಿಚಿತರು’ ಎಂದು. ಕಳ್ಳತನದ ಸುದ್ದಿಯಲ್ಲಿ ಕನ್ನಡ ಪತ್ರಿಕೆಗಳು ‘ಯಾರೋ ಅಪರಿಚಿತರು’ ಎಂದು ಬರೆಯುವಂತೆ ಅಲ್ಲಿಯ ಪತ್ರಿಕೆಗಳ ಸವೆದ ಮಾತು ಅದು. ಯಾರೆಂದು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಅಗತ್ಯವೂ ಯಾರಿಗೂ ಇಲ್ಲ. ಸುದ್ದಿಯ ಆ ಒಂದು ಸಾಲಿನ ಹಿಂದಿರುವ ಮನುಷ್ಯರಿಗೆ ಮುಖ, ಹೆಸರು, ಹಸಿವು ಕೊಟ್ಟದ್ದು ಮೊನಿಚೆಲ್ಲಿಯ ಚಿತ್ರ.

ಐವತ್ತು ಮತ್ತು ಅರವತ್ತರ ದಶಕದ ಇಟಲಿಯಲ್ಲಿ ಇಂಥ ಕಳ್ಳತನದ ಹಾಸ್ಯಚಿತ್ರಗಳು ಸಾಲುಸಾಲಾಗಿ ಬಂದವು. ಜೊತೆಗೇ ಬಂದದ್ದು ಬಿಡಿ ಬಿಡಿ ಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸುವ ಕಥಾಗುಚ್ಛದ ಹಾಸ್ಯ. ಇವನ್ನು ನೋಡಿದವರಿಗೆಲ್ಲ ಒಂದು ಅನುಭವ ಸಮಾನ. ಹತ್ತು ನಿಮಿಷ ಬಿದ್ದು ಬಿದ್ದು ನಗುತ್ತೇವೆ, ಮುಂದಿನ ಇಪ್ಪತ್ತು ನಿಮಿಷ ಗಡಿಯಾರ ನೋಡುತ್ತೇವೆ. ಒಂದು ಕಥೆ ವಾರಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತದೆ, ಪಕ್ಕದ ಕಥೆ ಮನೆಗೆ ಬರುವ ಹೊತ್ತಿಗೆ ಮರೆತುಹೋಗಿರುತ್ತದೆ. ಈ ಏರಿಳಿತ ಎಲ್ಲಿಂದ ಬರುತ್ತದೆ? ಬಹಳ ಸಲ ನೋಡಿದ ಮೇಲೆ ನನಗೆ ಒಂದು ಉತ್ತರ ಹೊಳೆದಿದೆ. ತೆರೆಯ ಮೇಲಿನ ಮನುಷ್ಯನಿಗೆ ಬೇಕಾದದ್ದು ಚಿಕ್ಕದಾಗಿದ್ದು ನಿಜವಾಗಿದ್ದರೆ ನಗೆ ಗಟ್ಟಿಯಾಗಿ ನಿಲ್ಲುತ್ತದೆ. ಅದು ಒಂದು ಊಟವಾಗಿರಬಹುದು, ಒಂದು ಕೋಣೆಯಾಗಿರಬಹುದು, ಮಗುವಿನ ಹಾಲಾಗಿರಬಹುದು. ಬೇಕಾದದ್ದು ಬರೀ ಚಿನ್ನ, ಬರೀ ತಾರೆಯ ಮೆರೆದಾಟ ಎಂದಾದ ಕೂಡಲೇ ನಗೆ ಸೊರಗುತ್ತದೆ.

ಮೊನಿಚೆಲ್ಲಿಯ ಚಿತ್ರ ಹುಟ್ಟಿದ್ದು ಅಣಕದಿಂದ. 1955ರಲ್ಲಿ ಜೂಲ್ಸ್ ಡಾಸನ್ ಎಂಬ ನಿರ್ದೇಶಕ ಫ್ರಾನ್ಸಿನಲ್ಲಿ ‘ರಿಫಿಫಿ’ ಎಂಬ ದರೋಡೆ ಚಿತ್ರ ಮಾಡಿದ್ದ. ಅದರಲ್ಲಿ ಸುಮಾರು ಅರ್ಧ ಗಂಟೆ ಮಾತಿಲ್ಲದೆ, ಸಂಗೀತವಿಲ್ಲದೆ ಆಭರಣದಂಗಡಿಯ ಲೂಟಿ ನಡೆಯುತ್ತದೆ. ಕಳ್ಳರೆಲ್ಲ ಶಸ್ತ್ರವೈದ್ಯರಷ್ಟು ನಿಪುಣರು. ಅದೇ ಕೆಲಸವನ್ನು ಕೈಲಾಗದವರ ಕೈಗೆ ಕೊಟ್ಟರೆ ಏನಾಗುತ್ತದೆ ಎಂದು ಮೊನಿಚೆಲ್ಲಿ ಮತ್ತು ಅವನ ಜೊತೆ ಚಿತ್ರಕಥೆ ಬರೆದ ಅಜೆ, ಸ್ಕಾರ್ಪೆಲ್ಲಿ, ಸೂಸೊ ಚೆಕ್ಕಿ ದಾಮಿಕೊ ಯೋಚಿಸಿದರು. ಖಾಲಿ ಮನೆಯೊಂದರ ತೆಳು ಗೋಡೆಗೆ ಕನ್ನ ಕೊರೆದರೆ ಆಚೆ ಗಿರವಿ ಸಂಸ್ಥೆಯ ತಿಜೋರಿ. ಉಪಾಯ ಜೈಲಿನಲ್ಲಿ ಕೈಬದಲಾಗುತ್ತದೆ, ಹೊರಗೆ ಒಂದು ತಂಡ ಸೇರುತ್ತದೆ.

ಆ ತಂಡವನ್ನು ನೋಡಬೇಕು. ಪೆಪ್ಪೆ ಸೋತ ಬಾಕ್ಸರ್, ತೊದಲುತ್ತಾನೆ. ಅದುವರೆಗೆ ರಂಗಭೂಮಿಯ ಗಂಭೀರ ಪಾತ್ರಗಳಿಗೆ ಹೆಸರಾಗಿದ್ದ ವಿಟ್ಟೋರಿಯೊ ಗಾಸ್ಮನ್‌ಗೆ ಮೂಗು, ಹಣೆ ಬದಲಿಸುವ ಪ್ರಸಾಧನ ಮಾಡಿ ಈ ಪಾತ್ರ ಕೊಟ್ಟರು. ಅಲ್ಲಿಂದ ಅವನ ಹಾಸ್ಯದ ಬದುಕು ಶುರುವಾಯಿತು. ಮಾರ್ಚೆಲ್ಲೊ ಮಾಸ್ಟ್ರೊಯಾನಿಯ ತಿಬೇರಿಯೊ ಫೋಟೊಗ್ರಾಫರ್, ಆದರೆ ಕ್ಯಾಮೆರಾ ಕೈಬಿಟ್ಟಿದೆ. ಹೆಂಡತಿ ಸಿಗರೇಟ್ ಕಳ್ಳಸಾಗಣೆಯಲ್ಲಿ ಜೈಲಿನಲ್ಲಿದ್ದಾಳೆ, ಕೂಸನ್ನು ಆಡಿಸುವುದು, ತಿನ್ನಿಸುವುದು ಎಲ್ಲ ಇವನದೇ. ಕಪಾನೆಲ್ಲೆ ಎಂಬ ಮುದುಕ ಎಲ್ಲಿ ಹೋದರೂ ಏನಾದರೂ ಅಗಿಯುತ್ತಲೇ ಇರುತ್ತಾನೆ. ಫೆರ್ರಿಬೊತ್ತೆ ಎಂಬ ಸಿಸಿಲಿಯವನು ತಂಗಿಯನ್ನು ಮನೆಯೊಳಗೆ ಕೂಡಿಹಾಕಿ ಮರ್ಯಾದೆ ಕಾಯುತ್ತಾನೆ. ಆ ತಂಗಿಯಾಗಿ ಕ್ಲೌಡಿಯಾ ಕಾರ್ಡಿನಾಲೆ ಇದ್ದಾಳೆ, ಆಗಿನ್ನೂ ಹೊಸಬಳು. ತಿಜೋರಿ ಒಡೆಯುವ ವಿದ್ಯೆ ಕಲಿಸುವ ಗುರು ತೊತೊ, ನೇಪಲ್ಸಿನ ಮಹಾ ವಿದೂಷಕ. ಪೊಲೀಸರ ಕಣ್ಗಾವಲಿನಲ್ಲಿರುವ ಆ ಗುರು ಒಗೆದ ಬಟ್ಟೆ ಹರವಿದ ತಾರಸಿಯ ಮೇಲೆ ಪ್ರಾಧ್ಯಾಪಕನ ಗತ್ತಿನಲ್ಲಿ ಪಾಠ ಮಾಡುತ್ತಾನೆ.

ತಿಜೋರಿಯ ಗುಟ್ಟು ತಿಳಿಯಲು ದೂರದಿಂದ ಅದನ್ನು ಚಿತ್ರೀಕರಿಸಬೇಕು. ಅದಕ್ಕೆ ಸಿನಿಮಾ ಕ್ಯಾಮೆರಾ ಕದಿಯಬೇಕು. ತಿಬೇರಿಯೊ ಸಂತೆಯಲ್ಲಿ ಕದ್ದು ತರುತ್ತಾನೆ. ಎಲ್ಲರೂ ಕೂತು ಆ ತುಣುಕನ್ನು ನೋಡುತ್ತಾರೆ. ತಿಜೋರಿ ಕಾಣಬೇಕಾದ ಹೊತ್ತಿಗೆ ಒಣಹಾಕಿದ ಬಟ್ಟೆ ಅಡ್ಡ ಬರುತ್ತದೆ. ಬಡವರ ಬೀದಿಯಲ್ಲಿ ಕ್ಯಾಮೆರಾ ಇಟ್ಟರೆ ಒಣಹಾಕಿದ ಬಟ್ಟೆ ಕಾಣಲೇಬೇಕು. ಈ ಚಿತ್ರದ ಹಾಸ್ಯವೆಲ್ಲ ಹೀಗೆಯೇ, ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಬದುಕೇ ಯೋಜನೆಯ ನಡುವೆ ಬಂದು ನಿಲ್ಲುತ್ತದೆ. ಕನ್ನ ಹಾಕುವ ರಾತ್ರಿ ತಿಬೇರಿಯೊ ಕೂಸನ್ನು ಎಲ್ಲಿ ಬಿಡಬೇಕು? ಜೈಲಿಗೆ ಹೋಗಿ ತಾಯಿಯ ಕೈಗೆ ಕೊಟ್ಟು ಬರುತ್ತಾನೆ.

ಕೊನೆಗೂ ಒಳಗೆ ನುಗ್ಗುತ್ತಾರೆ. ಬೆವರು ಸುರಿಸಿ ಗೋಡೆ ಕೊರೆಯುತ್ತಾರೆ, ನೀರಿನ ಕೊಳವೆ ಒಡೆಯುತ್ತದೆ, ಕೊನೆಗೆ ಗೋಡೆ ಬೀಳುತ್ತದೆ. ಆಚೆ ಕಾಣುವುದು ತಿಜೋರಿಯಲ್ಲ, ಅದೇ ಮನೆಯ ಅಡುಗೆಮನೆ. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ಇಟ್ಟಿಗೆ, ಗಾರೆ, ಧೂಳಿನಲ್ಲಿ ಕಟ್ಟಿ ತೋರಿಸಿದಂತಿದೆ ಆ ದೃಶ್ಯ. ಸರಿಯಾದ ಗೋಡೆ ಕೊರೆಯಲು ಈಗ ಹೊತ್ತಿಲ್ಲ. ಅಡುಗೆಮನೆಯಲ್ಲಿ ಪಾಸ್ತಾ ಮತ್ತು ಕಡಲೆಕಾಳಿನ ಪಾತ್ರೆ ಇದೆ. ಕೂತು ಉಣ್ಣುತ್ತಾರೆ. ಬೇಯಿಸಿದ್ದು ಹದವಾಗಿದೆಯೋ ಇಲ್ಲವೋ ಎಂದು ಮಾತಾಡುತ್ತಾರೆ. ಅದುವರೆಗೆ ಒಬ್ಬರನ್ನೊಬ್ಬರು ಶಂಕಿಸುತ್ತಿದ್ದವರು ಆ ಮೇಜಿನ ಸುತ್ತ ಮೊದಲ ಬಾರಿಗೆ ಒಂದು ಮನೆಯವರಂತೆ ಕಾಣುತ್ತಾರೆ. ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಇದೇ ಅಲ್ಲವೇ ಎಂದು ನೋಡುವವರಿಗೆ ಅನ್ನಿಸುತ್ತದೆ. ಬೆಳಗಾದಾಗ ಪೊಲೀಸರ ಕಣ್ಣು ತಪ್ಪಿಸಲು ಪೆಪ್ಪೆ ಕೂಲಿಗೆ ನಿಂತವರ ಗುಂಪಿನಲ್ಲಿ ಸೇರಿಕೊಳ್ಳುತ್ತಾನೆ. ಗುಂಪು ಅವನನ್ನು ಗೇಟಿನೊಳಕ್ಕೆ ನೂಕಿಕೊಂಡು ಹೋಗುತ್ತದೆ. ಕಳ್ಳನಿಗೆ ಕೆಲಸ ಸಿಕ್ಕಿಬಿಡುತ್ತದೆ. ಪತ್ರಿಕೆಯಲ್ಲಿ ಒಂದು ಚಿಕ್ಕ ಸುದ್ದಿ ಬರುತ್ತದೆ: ಮನೆಗೆ ಕನ್ನ ಹಾಕಿದ ಅಪರಿಚಿತರು ಪಾಸ್ತಾ, ಕಡಲೆಕಾಳು ತಿಂದು ಹೋಗಿದ್ದಾರೆ.

ಈ ನಗೆಗೆ ಒಂದು ಬೆಲೆ ತೆತ್ತಿದ್ದಾರೆ. ಪಿಸ್ತೂಲಿಗೆ ಬೆಲೆ ಕಟ್ಟಿಸಿಕೊಂಡ ಆ ಮನುಷ್ಯ ಆಮೇಲೆ ಹೆಂಗಸೊಬ್ಬಳ ಕೈಚೀಲ ಕಸಿಯಲು ಹೋಗಿ ಟ್ರಾಮಿಗೆ ಸಿಕ್ಕಿ ಸಾಯುತ್ತಾನೆ. ಹಾಸ್ಯಚಿತ್ರದ ನಡುವೆ ಸಾವು ತರಬಾರದು ಎಂಬ ಹಳೆಯ ನಿಯಮವನ್ನು ಮೊನಿಚೆಲ್ಲಿ ಮುರಿದ. ಇಟಲಿಯ ಆರ್ಥಿಕ ಪವಾಡ ಎಂದು ಕರೆಯುವ ಕಾಲ ಆಗ ತಾನೇ ಶುರುವಾಗುತ್ತಿತ್ತು. ಕಾರು, ಫ್ರಿಜ್, ಟಿವಿ ಬರುತ್ತಿದ್ದವು, ಆದರೆ ರೋಮಿನ ಅಂಚಿನ ಬೀದಿಗಳಿಗೆ ಅವಿನ್ನೂ ತಲುಪಿರಲಿಲ್ಲ. ಪವಾಡದ ಹೊರಗೆ ಉಳಿದವರ ನಗೆ ಇದು. ವಿದೇಶಿ ಭಾಷೆಯ ಚಿತ್ರಗಳ ಆಸ್ಕರ್ ಸ್ಪರ್ಧೆಯ ಕೊನೆಯ ಸುತ್ತಿಗೆ ಅದು ಹೋಯಿತು, ಹಾಲಿವುಡ್ ಅದನ್ನು 1984ರಲ್ಲಿ ಒಮ್ಮೆ, 2002ರಲ್ಲಿ ಮತ್ತೊಮ್ಮೆ ತನ್ನದಾಗಿಸಿಕೊಳ್ಳಲು ಯತ್ನಿಸಿತು.

ಇದೇ ದಾರಿಯಲ್ಲಿ ಬಂದ ಉಳಿದ ಚಿತ್ರಗಳಲ್ಲಿ ಏರಿಳಿತ ಕಾಣತೊಡಗುತ್ತದೆ. ನನ್ನಿ ಲೊಯ್ ನಿರ್ದೇಶನದಲ್ಲಿ ಬೇಗನೆ ಬಂದ ಮುಂದುವರಿದ ಭಾಗ ಆ ತಂಡದ ಹೆಚ್ಚಿನವರನ್ನು ಮಿಲಾನಿಗೆ ಕರೆದೊಯ್ಯುತ್ತದೆ, ಫುಟ್‌ಬಾಲ್ ಪಂದ್ಯದ ಪಣದ ಹಣ ಕದಿಯಲು. ಮುಖಗಳು ಬಹುಪಾಲು ಅವೇ, ಹಸಿವು ಮಾತ್ರ ನೆನಪಿನದು. 1965ರ ‘ಸೆತ್ತೆ ಉಯೊಮಿನಿ ದೊರೊ’ ಚಿತ್ರದಲ್ಲಿ ಏಳು ಜನ ಜಿನೀವಾದ ಬ್ಯಾಂಕಿನಿಂದ ಚಿನ್ನದ ಗಟ್ಟಿ ಎಗರಿಸುತ್ತಾರೆ. ಯಂತ್ರಗಳು, ಉಡುಪು, ಸಂಗೀತ ಎಲ್ಲ ಫಳಫಳ. ಆದರೆ ಆ ಏಳು ಜನರಲ್ಲಿ ಒಬ್ಬನಿಗೂ ಬೆಳಗಿನ ತಿಂಡಿಯ ಚಿಂತೆ ಇಲ್ಲ, ನಮಗೂ ಅವರ ಚಿಂತೆ ಹತ್ತುವುದಿಲ್ಲ. 1966ರಲ್ಲಿ ವಿಟ್ಟೋರಿಯೊ ಡಿ ಸಿಕಾ ಪೀಟರ್ ಸೆಲ್ಲರ್ಸ್‌ನನ್ನು ಇಟ್ಟುಕೊಂಡು ‘ಆಫ್ಟರ್ ದ ಫಾಕ್ಸ್’ ಮಾಡಿದ. ಕದ್ದ ಚಿನ್ನವನ್ನು ದಡಕ್ಕೆ ತರಲು ಕಳ್ಳನೊಬ್ಬ ಸಿನಿಮಾ ನಿರ್ದೇಶಕನ ವೇಷ ಹಾಕಿ ಹಳ್ಳಿಗೆ ಹೋಗುವ ಕಥೆ. ಮೊದಲ ಭಾಗ ಎಳೆದಾಡುತ್ತದೆ. ಸುಳ್ಳು ಸಿನಿಮಾ ಹಳ್ಳಿಗೆ ಕಾಲಿಟ್ಟ ಕೂಡಲೇ ಚಿತ್ರಕ್ಕೆ ಜೀವ ಬರುತ್ತದೆ, ಯಾಕೆಂದರೆ ತೆರೆಯ ಮೇಲೆ ಒಮ್ಮೆ ಕಾಣಿಸಿಕೊಳ್ಳಬೇಕೆಂಬ ಆ ಹಳ್ಳಿಯವರ ಆಸೆ ನಿಜವಾದದ್ದು. ಅದೇ ವರ್ಷ ಡಿನೊ ರಿಸಿ ಮಾಡಿದ ‘ಒಪೆರಾತ್ಸಿಯೋನೆ ಸಾನ್ ಜೆನ್ನಾರೊ’ದಲ್ಲಿ ನೇಪಲ್ಸಿನ ಕಳ್ಳರು ಊರಿನ ಸಂತನ ಒಡವೆ ಕದಿಯುವ ಮೊದಲು ಆ ಸಂತನ ಅಪ್ಪಣೆಯನ್ನೇ ಕೇಳುತ್ತಾರೆ. ಕಳ್ಳತನಕ್ಕೂ ಭಕ್ತಿಗೂ ನಡುವೆ ಸಿಕ್ಕಿಬಿದ್ದ ಆ ಮುಖಗಳು ಇಡೀ ಚಿತ್ರವನ್ನು ಹೊತ್ತು ನಿಲ್ಲುತ್ತವೆ.

ಇನ್ನು ಕಥಾಗುಚ್ಛಗಳ ಮಾತು. ಕನ್ನಡದವರಿಗೆ ಈ ರೂಪ ಹೊಸದಲ್ಲ. ಪುಟ್ಟಣ್ಣ ಕಣಗಾಲ್ 1976ರಲ್ಲಿ ಮೂರು ಕಥೆಗಳ ‘ಕಥಾಸಂಗಮ’ ಕೊಟ್ಟರು, ಅದೇ ಹೆಸರಿನಲ್ಲಿ 2019ರಲ್ಲಿ ಏಳು ಕಥೆಗಳ ಚಿತ್ರ ಬಂತು. ನಮ್ಮಲ್ಲಿ ಅಪರೂಪದ ಪ್ರಯೋಗವಾಗಿದ್ದದ್ದು ಅರವತ್ತರ ದಶಕದ ಇಟಲಿಯಲ್ಲಿ ನಿತ್ಯದ ವ್ಯಾಪಾರವಾಗಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಬೊಕಾಚ್ಚೊ ನೂರು ಕಥೆಗಳನ್ನು ಒಂದು ಗ್ರಂಥದಲ್ಲಿ ಕಟ್ಟಿದ ನಾಡು ಅದು, ಹಾಗಾಗಿ ಕಥೆಗಳ ಸರಮಾಲೆ ಅಲ್ಲಿಯ ಕಿವಿಗೆ ಹಳೆಯ ಪರಿಚಯ. ಜೊತೆಗೆ ದುಡ್ಡಿನ ಲೆಕ್ಕವೂ ಇತ್ತು. 1955ರಲ್ಲಿ ಇಟಲಿಯ ಚಿತ್ರಮಂದಿರಗಳು ಒಂದೇ ವರ್ಷದಲ್ಲಿ 80 ಕೋಟಿಗೂ ಹೆಚ್ಚು ಟಿಕೆಟ್ ಮಾರಿದ್ದವು. ಟಿವಿ ಬಂದ ಮೇಲೆ ಆ ಸಂಖ್ಯೆ ಇಳಿಯತೊಡಗಿತು. ದೊಡ್ಡ ತಾರೆಯನ್ನು ಮೂರು ತಿಂಗಳು ಹಿಡಿದಿಡುವ ಬದಲು ಕೆಲವೇ ವಾರ ಕರೆಸಿ ಒಂದು ಕಥೆ ಮುಗಿಸಬಹುದು, ಒಂದೇ ಪೋಸ್ಟರಿನಲ್ಲಿ ನಾಲ್ಕು ನಿರ್ದೇಶಕರ ಹೆಸರು ಹಾಕಬಹುದು. ಹೀಗೆ ಹುಟ್ಟಿದ ಚಿತ್ರದಲ್ಲಿ ಎಲ್ಲ ಕಥೆಗಳಿಗೂ ಒಂದೇ ಹದ ಹೇಗೆ ಬಂದೀತು?

ಹದ ಚೆನ್ನಾಗಿ ಬಂದ ಒಂದು ಚಿತ್ರ ಈ ಸಂತೆಗಿಂತ ಮೊದಲಿನದು, 1954ರ ‘ಲೊರೊ ದಿ ನಾಪೊಲಿ’, ಅಂದರೆ ನೇಪಲ್ಸಿನ ಚಿನ್ನ. ಜುಸೆಪ್ಪೆ ಮರೊತ್ತಾನ ಕಥೆಗಳನ್ನು ಡಿ ಸಿಕಾ ಚಿತ್ರವಾಗಿಸಿದ. ಒಂದು ಕಥೆಯಲ್ಲಿ ಸೋಫಿಯಾ ಲೊರೆನ್ ಬೀದಿಯಲ್ಲಿ ಉದ್ರಿ ಪಿಜ್ಜಾ ಮಾರುತ್ತಾಳೆ, ಈವತ್ತು ತಿಂದವರು ಎಂಟು ದಿನ ಬಿಟ್ಟು ದುಡ್ಡು ಕೊಡಬಹುದು. ಅವಳ ಉಂಗುರ ಕಾಣೆಯಾಗುತ್ತದೆ. ಗಂಡನ ಪಾಲಿಗೆ ಅದು ಹಿಟ್ಟಿನೊಳಗೆ ಬಿದ್ದಿದೆ. ನಿಜದಲ್ಲಿ ಅದು ಅವಳ ಪ್ರಿಯಕರನ ಮನೆಯಲ್ಲಿದೆ. ಗಂಡ ಬೆಳಿಗ್ಗೆ ಪಿಜ್ಜಾ ಕೊಂಡವರ ಮನೆಮನೆಗೆ ಹೊರಡುತ್ತಾನೆ, ಅವಳು ತಲೆಯೆತ್ತಿ ಜೊತೆಗೆ ನಡೆಯುತ್ತಾಳೆ, ಊರೆಲ್ಲ ಹಿಂದೆ ಬರುತ್ತದೆ. ಹೆಂಡತಿಯನ್ನು ಆಗ ತಾನೇ ಕಳೆದುಕೊಂಡು ಗೋಳಾಡುತ್ತಿರುವವನ ಬಳಿಗೂ ಹೋಗಿ ಉಂಗುರದ ವಿಚಾರ ಕೇಳಬೇಕಾಗುತ್ತದೆ. ಉಂಗುರ ಎಲ್ಲಿದೆ ಎಂಬುದು ನಮಗೆ ಮೊದಲೇ ಗೊತ್ತಿರುವುದರಿಂದ ಪ್ರತಿ ಬಾಗಿಲಲ್ಲೂ ನಗು, ಸಂಕಟ ಎರಡೂ ಒಟ್ಟಿಗೆ ಉಕ್ಕುತ್ತವೆ.

ಇನ್ನೊಂದು ಕಥೆ ಇನ್ನೂ ಚಿಕ್ಕದು. ಇಸ್ಪೀಟಿನ ಚಟದಿಂದ ಹಾಳಾದ ಕೌಂಟ್ ಒಬ್ಬನಿದ್ದಾನೆ, ಹೆಂಡತಿ ಅವನ ಕೈಗೆ ಕಾಸು ಕೊಡುವುದಿಲ್ಲ. ಅವನು ಕಟ್ಟಡದ ಕಾವಲುಗಾರನ ಪುಟ್ಟ ಮಗನನ್ನು ಕೂರಿಸಿಕೊಂಡು ದಿನವೂ ಇಸ್ಪೀಟು ಆಡುತ್ತಾನೆ, ದಿನವೂ ಸೋಲುತ್ತಾನೆ. ಹುಡುಗನಿಗೆ ಗೆಲುವು ಬೇಡ, ಹೊರಗೆ ಹೋಗಿ ಗೆಳೆಯರ ಜೊತೆ ಆಡಬೇಕು. ಗೆದ್ದವನ ಮುಖದಲ್ಲಿ ಬೇಸರ, ಸೋತವನ ಮುಖದಲ್ಲಿ ರೋಷ. ಕೌಂಟ್ ಪಾತ್ರ ಮಾಡಿದ್ದು ಸ್ವತಃ ಡಿ ಸಿಕಾ. ನಿಜ ಜೀವನದಲ್ಲೂ ಅವನು ಜೂಜಿನ ಚಟಕ್ಕೆ ಹೆಸರಾದವನೇ. ತನ್ನ ದೌರ್ಬಲ್ಯವನ್ನು ಮಗುವಿನ ಮುಂದೆ ಕೂರಿಸಿ ಇಷ್ಟು ನೇರವಾಗಿ ತೋರಿಸಿದ ನಿರ್ದೇಶಕರು ವಿರಳ.

ಅವನದೇ 1963ರ ‘ಯೆರಿ, ಒಜ್ಜಿ, ದೊಮಾನಿ’ ಆಸ್ಕರ್ ಗೆದ್ದ ಚಿತ್ರ. ಮೂರು ಊರು, ಮೂರು ಕಥೆ, ಮೂರರಲ್ಲೂ ಲೊರೆನ್ ಮತ್ತು ಮಾಸ್ಟ್ರೊಯಾನಿ. ನೇಪಲ್ಸಿನ ಕಥೆಯ ಅದೆಲಿನಾ ಕಳ್ಳ ಸಿಗರೇಟು ಮಾರುವವಳು. ಬಸುರಿಯನ್ನು, ಹೆತ್ತ ಆರು ತಿಂಗಳವರೆಗೆ ಬಾಣಂತಿಯನ್ನು ಜೈಲಿಗೆ ಹಾಕುವಂತಿಲ್ಲ ಎಂಬ ಕಾನೂನನ್ನು ಹಿಡಿದುಕೊಂಡು ಅವಳು ಏಳು ಮಕ್ಕಳನ್ನು ಹೆರುತ್ತಾಳೆ. ಜಪ್ತಿಗೆ ಅಧಿಕಾರಿಗಳು ಬಂದಾಗ ನೆರೆಹೊರೆಯವರು ಅವಳ ಮಂಚ, ಮೇಜು ಎಲ್ಲವನ್ನೂ ತಮ್ಮ ಮನೆಗೆ ಸಾಗಿಸಿ ಮನೆ ಬರಿದು ಮಾಡಿಟ್ಟಿರುತ್ತಾರೆ. ಕೊನೆಗೆ ಗಂಡನೇ ಬಸವಳಿದು ಹೋಗಿ ಅವಳು ಜೈಲು ಸೇರಬೇಕಾಗುತ್ತದೆ, ಬೀದಿಗೆ ಬೀದಿಯೇ ಅವಳನ್ನು ಬಿಡಿಸಲು ಎದ್ದು ನಿಲ್ಲುತ್ತದೆ. ಅದಾದ ಮೇಲೆ ಬರುವ ಮಿಲಾನಿನ ಕಥೆಯಲ್ಲಿ ಸಿರಿವಂತೆಯೊಬ್ಬಳು ರೋಲ್ಸ್ ರಾಯ್ಸ್ ಓಡಿಸುತ್ತಾ ಪ್ರಿಯಕರನ ಜೊತೆ ಮಾತಾಡುತ್ತಾಳೆ. ಅವಳಿಗೆ ಬೇಕಾದದ್ದು ಏನೂ ಇಲ್ಲ. ಕಥೆ ಚಿಕ್ಕದಾದರೂ ಉದ್ದವೆನಿಸುತ್ತದೆ.

1962ರ ‘ಬೊಕಾಚ್ಚೊ 70’ಯಲ್ಲಿ ಫೆಲಿನಿಯ ಪಾಲಿನ ಕಥೆ ನೀತಿ ಕಾಯುವ ಡಾಕ್ಟರ್ ಆಂಟೊನಿಯೊನದು. ಅವನ ಮನೆಯ ಎದುರು ಹಾಲು ಕುಡಿಯಿರಿ ಎಂಬ ಬೃಹತ್ ಜಾಹೀರಾತು ಫಲಕ ಏಳುತ್ತದೆ, ಅದರಲ್ಲಿ ಅನೀತಾ ಎಕ್‌ಬರ್ಗ್ ಒರಗಿ ಮಲಗಿದ್ದಾಳೆ. ಫಲಕ ಒಂದೊಂದೇ ತುಂಡಾಗಿ ಜೋಡಣೆಯಾಗುವ ಆರಂಭದಲ್ಲಿ ಮಕ್ಕಳು, ಕೂಲಿಗಳು, ಪಾದ್ರಿಗಳು ನೆರೆದು ಜಾತ್ರೆಯಾಗುತ್ತದೆ, ಅದು ನೋಡಲು ಹಬ್ಬ. ಆಕೆ ಫಲಕದಿಂದ ಇಳಿದು ದೈತ್ಯೆಯಾಗಿ ಓಡಾಡತೊಡಗಿದ ಮೇಲೆ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಇಪ್ಪತ್ತು ನಿಮಿಷದ ಬೆರಗನ್ನು ಒಂದು ಗಂಟೆಯ ಹತ್ತಿರಕ್ಕೆ ಎಳೆದಿದ್ದಾರೆ.

ಚಿಕ್ಕದನ್ನು ಚಿಕ್ಕದಾಗಿಯೇ ಬಿಡುವ ವಿದ್ಯೆ ರಿಸಿಗೆ ಕರಗತವಾಗಿತ್ತು. ಗಾಸ್ಮನ್ ಮತ್ತು ಉಗೊ ತೊನ್ಯಾತ್ಸಿಯನ್ನು ಹಾಕಿಕೊಂಡು ಅವನು 1963ರಲ್ಲಿ ಮಾಡಿದ ‘ಇ ಮೊಸ್ತ್ರಿ’ಯಲ್ಲಿ 20 ಕಥೆಗಳಿವೆ, ಕೆಲವು ಒಂದೆರಡೇ ನಿಮಿಷದವು. ಅದರಲ್ಲೊಂದು ಹೀಗಿದೆ. ಗಂಡ ಹೆಂಡಿರು ಚಿತ್ರಮಂದಿರದಲ್ಲಿ ಕೂತು ಯುದ್ಧಕಾಲದ ಚಿತ್ರ ನೋಡುತ್ತಿದ್ದಾರೆ. ತೆರೆಯ ಮೇಲೆ ನಾಜಿ ಸೈನಿಕರು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕುತ್ತಾರೆ. ಗಂಡ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟುತ್ತಾನೆ, ನಮ್ಮ ಮನೆಯ ಕಾಂಪೌಂಡಿಗೂ ಇಂಥದೇ ಗೋಡೆ ಕಟ್ಟಿಸಬೇಕು ಎಂದು. ಅಷ್ಟೇ, ಕಥೆ ಮುಗಿಯಿತು. ಮರೆವಿನ ಬಗ್ಗೆ ದೊಡ್ಡ ಭಾಷಣ ಹೇಳಲಾರದ್ದನ್ನು ಆ ಪಿಸುಮಾತು ಹೇಳುತ್ತದೆ. ಉಳಿದ ಹತ್ತೊಂಬತ್ತರಲ್ಲಿ ಎಲ್ಲವೂ ಈ ಮಟ್ಟದವಲ್ಲ. ಆದರೆ ಸಪ್ಪೆಯಾದ ಕಥೆಯೂ ಬೇಗ ಮುಗಿದು ಮುಂದಿನದಕ್ಕೆ ದಾರಿ ಬಿಡುತ್ತದೆ.

ಕೆಲವು ಸಲ ಇಡೀ ಚಿತ್ರ ಜೊಳ್ಳಾಗಿ ಒಂದೇ ಕಾಳು ಗಟ್ಟಿಯಾಗಿರುತ್ತದೆ. 1967ರ ‘ಲೆ ಸ್ತ್ರೆಗೆ’ಯನ್ನು ನಿರ್ಮಾಪಕ ಡಿನೊ ಡಿ ಲಾರೆಂಟಿಸ್ ತನ್ನ ಹೆಂಡತಿ ಸಿಲ್ವಾನಾ ಮಂಗಾನೊಳಿಗಾಗಿ ಐವರು ನಿರ್ದೇಶಕರಿಂದ ಮಾಡಿಸಿದ. ಅವಳ ಉಡುಪು, ಅವಳ ಮುಖ ತೋರಿಸುವುದರಲ್ಲೇ ಬಹುಪಾಲು ಕಳೆಯುತ್ತದೆ. ಅದರ ನಡುವೆ ಪಾಸೊಲಿನಿಯ ಕಥೆ ಇದೆ. ಹೆಂಡತಿ ಸತ್ತ ತೊತೊ ಮಗನನ್ನು ಕಟ್ಟಿಕೊಂಡು ಹೊಸ ಹೆಂಡತಿ ಹುಡುಕುತ್ತಾನೆ. ಮಾತು ಬಾರದ, ಕಿವಿ ಕೇಳದ ಹೆಣ್ಣೊಬ್ಬಳು ಸಿಕ್ಕಿ ಗುಡಿಸಲು ಮನೆಯಾಗುತ್ತದೆ. ಇನ್ನೂ ಒಳ್ಳೆಯ ಮನೆಗೆ ದುಡ್ಡು ಬೇಕು, ಅದಕ್ಕೆ ಕೊಲೋಸಿಯಂ ಮೇಲೆ ಹತ್ತಿ ಆತ್ಮಹತ್ಯೆಯ ನಾಟಕವಾಡಿ ಚಂದಾ ಎತ್ತಲು ಹೊರಡುತ್ತಾರೆ. ಒಂದು ಮನೆಯ ಆಸೆ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿ ಅವಳ ಸಾವು. ಚಿತ್ರ ಬಿಡುಗಡೆಯಾದ ವರ್ಷದ ಏಪ್ರಿಲ್‌ನಲ್ಲಿ ತೊತೊ ತೀರಿಕೊಂಡ.

ಈ ಚಿತ್ರಗಳ ತಪ್ಪುಗಳನ್ನೂ ಹೇಳಬೇಕು. ಹೆಣ್ಣನ್ನು ನೋಟದ ವಸ್ತುವಾಗಿಸಿ ಟಿಕೆಟ್ ಮಾರಿದ ಕಥೆಗಳು ಇವುಗಳಲ್ಲಿ ಬಹಳ. ಸಿಸಿಲಿಯವರೆಂದರೆ ತಂಗಿಯನ್ನು ಬೀಗ ಹಾಕಿ ಕೂಡಿಹಾಕುವವರು ಎಂಬಂಥ ನಗೆ ಇಂದು ಕಿರಿಕಿರಿ ಮಾಡುತ್ತದೆ. ಜೊತೆಗೆ ನಮ್ಮ ಪಾಲಿಗೆ ಒಂದು ನಷ್ಟವಿದೆ. ಮೊನಿಚೆಲ್ಲಿಯ ಕಳ್ಳರಲ್ಲಿ ಒಬ್ಬನದು ರೋಮಿನ ಮಾತು, ಇನ್ನೊಬ್ಬನದು ಬೊಲೊನ್ಯಾದ್ದು, ಮತ್ತೊಬ್ಬನದು ಸಿಸಿಲಿಯದು. ಮಂಡ್ಯ, ಧಾರವಾಡ, ಕುಂದಾಪುರದ ಮೂವರು ಒಂದೇ ಗೋಡೆಗೆ ಕನ್ನ ಹಾಕಲು ಕೂತರೆ ಅವರ ಮಾತೇ ಅರ್ಧ ನಗೆಯಾಗುತ್ತದಲ್ಲ, ಹಾಗೆ. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳಲ್ಲಿ ಆ ಸೊಗಡು ಇಂಗಿಹೋಗುತ್ತದೆ. ಸಪ್ಪೆಯೆನಿಸುವ ಕೆಲವು ದೃಶ್ಯಗಳ ಹೊಣೆ ಆ ಸಾಲುಗಳದ್ದು ಎಂಬುದು ನೆನಪಿರಲಿ.

ಕೊನೆಗೆ, ಎಲ್ಲಿಂದ ಶುರು ಮಾಡಬೇಕು ಎಂದು ಕೇಳುವವರಿಗೆ ನಾನು ಹೇಳುವುದು ಕತ್ತರಿಗೆ ಬಿದ್ದ ಒಂದು ಕಥೆಯನ್ನು. ‘ಬೊಕಾಚ್ಚೊ 70’ಯಲ್ಲಿ ಮೊನಿಚೆಲ್ಲಿಯ ‘ರೆಂಜೊ ಎ ಲುಚಾನಾ’ ಎಂಬ ಭಾಗವಿತ್ತು. ಅದರ ಜೋಡಿ ಹೆಸರಾಂತ ತಾರೆಯರಲ್ಲ, ಚಿತ್ರವೂ ಬಹಳ ಉದ್ದವಾಗಿತ್ತು. ಕಾನ್ ಚಿತ್ರೋತ್ಸವಕ್ಕೆ ಮೊದಲೇ ನಿರ್ಮಾಪಕ ಕಾರ್ಲೊ ಪೊಂಟಿ ಅದನ್ನು ತೆಗೆದುಹಾಕಿದ. ಪ್ರತಿಭಟನೆಯಾಗಿ ಉಳಿದ ಮೂವರು ನಿರ್ದೇಶಕರು ಫೆಲಿನಿ, ವಿಸ್ಕೊಂಟಿ, ಡಿ ಸಿಕಾ ಉತ್ಸವಕ್ಕೆ ಹೋಗಲಿಲ್ಲ. ಈಗ ಸಿಗುವ ಪೂರ್ಣ ಪ್ರತಿಗಳಲ್ಲಿ ಅದು ಮರಳಿ ಬಂದಿದೆ. ಇತಾಲೊ ಕಾಲ್ವಿನೊನ ಕಥೆಯೊಂದು ಅದರ ಬೇರು. ಮಿಲಾನಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿಯರು ಮದುವೆಯಾಗುವಂತಿಲ್ಲ. ರೆಂಜೊ ಮತ್ತು ಲುಚಾನಾ ಗುಟ್ಟಾಗಿ ಮದುವೆಯಾಗುತ್ತಾರೆ, ಮನೆ ತುಂಬ ಜನರಿರುವ ಹೆಣ್ಣಿನ ಕಡೆಯವರ ಮನೆಯಲ್ಲಿ ಉಳಿಯುತ್ತಾರೆ. ಅವರಿಗೆ ಬೇಕಾದದ್ದು ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ. ಕೊನೆಗೆ ಕೋಣೆ ಸಿಗುತ್ತದೆ, ಆದರೆ ಅವನದು ರಾತ್ರಿ ಪಾಳಿ, ಅವಳದು ಹಗಲು. ಅವನು ಬರುವ ಹೊತ್ತಿಗೆ ಅವಳು ಹೊರಡುತ್ತಾಳೆ. ಮದುವೆಯಾದಳೆಂಬ ಕಾರಣಕ್ಕೆ ಹೆಣ್ಣನ್ನು ಕೆಲಸದಿಂದ ತೆಗೆಯುವುದನ್ನು ಇಟಲಿ ಕಾನೂನಿನಿಂದ ನಿಷೇಧಿಸಿದ್ದು 1963ರಲ್ಲಿ, ಚಿತ್ರ ಬಂದ ಮರುವರ್ಷ. ಮೊದಲು ಇದನ್ನು ನೋಡಿ, ಆಮೇಲೆ ಅಡುಗೆಮನೆಯ ಆ ಕಡಲೆಕಾಳಿನ ಪಾತ್ರೆಗೆ ಹೋಗಿ. ಎರಡೂ ಒಬ್ಬನೇ ನಿರ್ದೇಶಕನವು. ಎರಡರಲ್ಲೂ ಜನ ಕೇಳುವುದು ಬಹಳ ಕಡಿಮೆ.